ಎಲ್ಲ ಮರೆತು ಏಳುತ್ತಿದ್ದ ಸರ್ವರ್

ಶಹಾಪುರದ ನಮ್ಮ ಆಫೀಸಿನಲ್ಲಿ ಕ್ಲೌಡ್ ಸರ್ವರನ್ನು ದಿನಾ ಸಂಜೆ ಹೈಬರ್ನೇಟ್ ಮಾಡಿ, ಅಂದರೆ ಮಲಗಿಸಿ, ಮನೆಗೆ ಹೋಗುತ್ತಿದ್ದೆವು. ಮಲಗುವ ಮುನ್ನ ಅದು ತನ್ನ ನೆನಪನ್ನೆಲ್ಲ ಡಿಸ್ಕಿನ ಸ್ವಾಪ್ ಫೈಲಿನಲ್ಲಿ ಬರೆದಿಡುತ್ತದೆ. ಬೆಳಿಗ್ಗೆ ಅದನ್ನೇ ಓದಿಕೊಂಡು ಏಳಬೇಕು. ಆ ವಾರ ಮಾತ್ರ ದಿನವೂ ಎಲ್ಲ ಮರೆತು ಏಳುತ್ತಿತ್ತು.

ನನ್ನ ಗುಮಾನಿಯೆಲ್ಲ ಖಾನಾಪುರದಿಂದ ರೈಲಿನಲ್ಲಿ ಬರುವ ಸಹೋದ್ಯೋಗಿಯ ಮೇಲೆ. ಸರ್ವರ್ ಮಲಗಿಸುವ ಕೆಲಸ ಅವಳದು. ಗುಟ್ಟಾಗಿ ರೀಸ್ಟಾರ್ಟ್ ಮಾಡುತ್ತಿರಬೇಕು, ಹಾಗೆ ಮಾಡಿದರೆ ನೆನಪೆಲ್ಲ ಅಳಿಯುತ್ತದೆ.

“ನಾ ಏನೂ ಮುಟ್ಟಿಲ್ರೀ ಸರ್, ಖರೇನ,” ಎಂದಳು. ಖರೇ ಎಂದವರ ಮೇಲೆ ನನಗೆ ಸಂಶಯ ಇನ್ನೂ ಜಾಸ್ತಿ.

ಸರ್ವರಿನಲ್ಲಿ ಯಾರು ಏನು ಬದಲಿಸಿದರೂ ಅವಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಅವಳು ಚಹಾಕ್ಕೆ ಹೋದಾಗ, ಅವಳ ತಪ್ಪು ಹಿಡಿಯಲೆಂದೇ ಅದನ್ನು ಕಳ್ಳನಂತೆ ತೆರೆದೆ. ಸೋಮವಾರದ ಪುಟದಲ್ಲಿ ಹೀಗಿತ್ತು: ‘ಸರ್ ಸ್ವಾಪ್ ಫೈಲ್ ಅಳಿಸಿ ಬೇರೆ ದೊಡ್ಡದು ಮಾಡಿದರು. ಅದರ ಹೊಸ ಜಾಗ ಬೂಟ್ ಸೆಟ್ಟಿಂಗಿನಲ್ಲಿ ಬರೆದಾರೋ ಇಲ್ಲೋ, ಕೇಳಬೇಕು.’

ನಾನು ಬರೆದಿರಲಿಲ್ಲ. ಏಳುವಾಗ ಆ ಸೆಟ್ಟಿಂಗ್ ನೋಡಿಕೊಳ್ಳುವ ಸರ್ವರ್ ಹಳೆಯ ಜಾಗದಲ್ಲೇ ತನ್ನ ನೆನಪನ್ನು ಹುಡುಕುತ್ತಿತ್ತು. ಹೊಸ ಜಾಗ ಬರೆದೆ. ಮರುದಿನ ಅದು ಬಿಟ್ಟಲ್ಲಿಂದಲೇ ಎದ್ದಿತು.

ಆ ಪುಟದಲ್ಲಿ ಕೆಳಗೆ ಇನ್ನೊಂದು ಸಾಲಿತ್ತು. ಅದರ ನೆನಪು ನನಗೇ ಇರಲಿಲ್ಲ: ‘ಕೇಳಿದೆ. ಬೈದರು.’