ಪೆಟ್ಟಿಗೆಯ ಮುಚ್ಚಳದ ಮೂರು ಪ್ರಶ್ನೆ

ಮಗಳು ಸೊಂಟಕ್ಕೆ ರಿಬ್ಬನ್ ಸಿಕ್ಕಿಸಿಕೊಂಡು ಆಡುತ್ತಿದ್ದಷ್ಟು ದಿನ ರಗ್ಬಿಯ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ. ಅವಳ ಶಾಲೆಯಲ್ಲಿ ಹುಡುಗಿಯರ ಮೂರು ತಂಡಗಳಿವೆ. ಹನ್ನೆರಡರೊಳಗಿನವರು ಯಾರನ್ನೂ ಬೀಳಿಸುವುದಿಲ್ಲ, ಚೆಂಡು ಹಿಡಿದು ಓಡುವವಳ ರಿಬ್ಬನ್ ಕಿತ್ತರೆ ಸಾಕು. ಹದಿನಾಲ್ಕರೊಳಗಿನವರು ಓಡುವವಳ ಮೇಲೆ ಬಿದ್ದು ಅವಳನ್ನು ಕೆಡವಬೇಕು. ಹದಿನೇಳರೊಳಗಿನವರ ಆಟವನ್ನು ಮೊದಲ ಸಲ ನೋಡಿದಾಗ ನಾನು ಕಣ್ಣು ಮುಚ್ಚಿಕೊಂಡೆ. ಎರಡು ಮೈಗಳು ಡಿಕ್ಕಿ ಹೊಡೆದ ಸದ್ದು ಮಾತ್ರ ಕೇಳಿಸಿತು, ಅದು ನೋಡುವುದಕ್ಕಿಂತ ಕೆಟ್ಟದಾಗಿತ್ತು.

ಹೋದ ಜೂನ್ ಹೊತ್ತಿಗೆ ಮಗಳಿಗೆ ಹದಿಮೂರು ತುಂಬಿತ್ತು, ಹದಿನಾಲ್ಕರ ತಂಡದಲ್ಲಿ ಅದು ಅವಳ ಎರಡನೇ ವರ್ಷ. ಧನಕವಡಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ನನ್ನ ಕೆಲಸ. ಅದು ಮುಗಿದ ಕೂಡಲೇ ಮೈದಾನಕ್ಕೆ ಓಡುತ್ತಿದ್ದೆ. ನಾನಿದ್ದರೆ ಅವಳಿಗೆ ಏನೂ ಆಗುವುದಿಲ್ಲ ಎಂಬ ಹುಚ್ಚು ನಂಬಿಕೆ. ಮೂರೂ ತಂಡಗಳನ್ನು ನೋಡಿಕೊಳ್ಳುವ ಕೋಚ್ ಸರ್ ಈ ಊರಿನ ಹೆಚ್ಚಿನವರ ಹಾಗೆ ಮರಾಠಿಯವರು, ಕನ್ನಡ ನಮ್ಮ ಮನೆಯಲ್ಲಿ ಮಾತ್ರ. ಹೇಗೂ ಇಲ್ಲೇ ನಿಂತಿರುತ್ತೀರಲ್ಲ ಎಂದು ಔಷಧದ ಪೆಟ್ಟಿಗೆಯನ್ನು ನನ್ನ ಕೈಗೇ ಕೊಟ್ಟರು.

ಪೆಟ್ಟಿಗೆಯ ಮುಚ್ಚಳದ ಒಳಗೆ ಅವರು ಮೂರು ಪ್ರಶ್ನೆ ಬರೆದು ಅಂಟಿಸಿದ್ದರು. ಇದು ಯಾವ ಮೈದಾನ? ಕೊನೆಯ ಪಾಯಿಂಟ್ ಯಾರು ಮಾಡಿದರು? ಬೆಳಿಗ್ಗೆ ಏನು ತಿಂದೆ? ತಲೆಗೆ ಪೆಟ್ಟಾದ ಹುಡುಗಿಗೆ ಇವನ್ನು ಕೇಳಬೇಕು, ಒಂದು ತಪ್ಪಾದರೂ ಅವಳ ಆಟ ಅಂದಿಗೆ ಮುಗಿಯಿತು. ಇನ್ನೊಂದು ಪದ್ಧತಿಯಿತ್ತು. ಆ ಹುಡುಗಿಯ ತಾಯಿ ಅಲ್ಲಿದ್ದರೆ ಅವಳೇ ಮನೆಮಾತಿನಲ್ಲಿ ಕೇಳಬೇಕು. ಮಕ್ಕಳು ಕೋಚ್ ಎದುರು ನಾಟಕ ಮಾಡುತ್ತಾರೆ, ತಾಯಿಯೆದುರು ನಡೆಯುವುದಿಲ್ಲ ಎನ್ನುವುದು ಸರ್ ಲೆಕ್ಕಾಚಾರ.

ಆಗಸ್ಟ್‌ನಲ್ಲಿ ಒಂದು ಪಂದ್ಯದಲ್ಲಿ ಮಗಳು ಕೆಸರಿನಲ್ಲಿ ಬಿದ್ದು ಏಳುವುದು ತಡವಾಯಿತು. ನಾನು ಓಡಿ ಹೋಗಿ ಪ್ರಶ್ನೆ ಕೇಳಿದೆ. ಮೂರೂ ಉತ್ತರ ಸರಿಯಾಗಿ ಹೇಳಿದಳು, ಆದರೂ ನಾನು ಕೈಹಿಡಿದು ಹೊರಗೆ ಎಳೆದುತಂದೆ. ತಂಡ ಸೋತಿತು. ಆಟದಿಂದ ಹೊರಗೆ ಕಳಿಸಲು ರೆಫರಿ ತೋರಿಸುವ ಕಾರ್ಡಿನ ಮೇಲೆ ಹುಡುಗಿಯರು ನನಗೆ 'ಹಳದಿ ಕಾರ್ಡ್ ಕಾಕೂ', ಅಂದರೆ ಹಳದಿ ಕಾರ್ಡ್ ಚಿಕ್ಕಮ್ಮ, ಎಂದು ಹೆಸರಿಟ್ಟರು. ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ, "ಇನ್ನೊಮ್ಮೆ ಹಿಂಗ ಮಾಡಿದ್ರ ನೀ ಮೈದಾನಕ್ಕ ಬರಬ್ಯಾಡ ಅವ್ವಾ," ಎಂದಳು. ಆ ಮಾತು ನನ್ನೊಳಗೆ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತು.

ನವೆಂಬರ್‌ನಲ್ಲಿ ಆ ವರ್ಷದ ಪಂದ್ಯಗಳ ಕೊನೆಯ ದಿನ ಮೂರೂ ತಂಡಗಳ ಆಟ ಶಾಲೆಯಿಂದ ದೂರ, ಕೊಂಢವಾ ಬಡಾವಣೆಯ ಒಂದೇ ಮೈದಾನದಲ್ಲಿತ್ತು. ಚಿಕ್ಕವರು ಗೆದ್ದರು, ಹದಿನಾಲ್ಕರವರು ಸೋತರು. ಒಬ್ಬಳಿಗೆ ಜ್ವರ ಬಂದು ಹದಿನೇಳರ ಫೈನಲ್‌ಗೆ ಒಬ್ಬ ಆಟಗಾರ್ತಿ ಕಡಿಮೆ ಬಿದ್ದಳು. ನಿಮ್ಮ ಮಗಳು ಗಟ್ಟಿಮುಟ್ಟು, ಎತ್ತರವೂ ಇದ್ದಾಳೆ, ನೀವು ಸಹಿ ಮಾಡಿದರೆ ಆಡಿಸುತ್ತೇನೆ ಎಂದರು ಸರ್. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸಹಿ ಹಾಕಿದೆ.

ದ್ವಿತೀಯಾರ್ಧದಲ್ಲಿ ಎದುರಾಳಿ ಹುಡುಗಿಯೊಬ್ಬಳು ಓಡಿ ಬಂದು ಮಗಳನ್ನು ಕೆಡವಿದಳು. ಮಗಳ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಈ ಸಲ ನಾನು ಕಣ್ಣು ಮುಚ್ಚಿರಲಿಲ್ಲ. ಪೆಟ್ಟಿಗೆ ಹಿಡಿದು ಹೇಗೆ ಓಡಿದೆನೋ ಗೊತ್ತಿಲ್ಲ. ಅಷ್ಟರಲ್ಲಿ ಅವಳು ಎದ್ದು ಕೂತಿದ್ದಳು.

"ಇದು ಯಾವ ಮೈದಾನ?"

"ನಮ್ಮ ಸಾಲಿ ಮೈದಾನ," ಎಂದಳು.

"ಕಡೀಕ ಪಾಯಿಂಟ್ ಯಾರು ಮಾಡಿದ್ರು?"

"ನಾನ."

ಅವಳು ಅಂದು ಒಂದೂ ಪಾಯಿಂಟ್ ಮಾಡಿರಲಿಲ್ಲ. ಬೆಳಿಗ್ಗೆ ತಿಂದ ಅವಲಕ್ಕಿ ಒಂದು ಸರಿಯಾಗಿ ನೆನಪಿತ್ತು. ಸುತ್ತ ನಿಂತ ದೊಡ್ಡ ಹುಡುಗಿಯರಿಗೆ ಕನ್ನಡ ಬಾರದು, ರೆಫರಿಗೂ ಬಾರದು. "ಕಾಯ್ ಮ್ಹಣತೇ?" ಏನನ್ನುತ್ತಾಳೆ ಎಂದು ಕೋಚ್ ಸರ್ ಕೇಳಿದರು. ಹುಡುಗಿಯರೆಲ್ಲ ನನ್ನನ್ನೇ ನೋಡುತ್ತಿದ್ದರು. ಹಳದಿ ಕಾರ್ಡ್ ಕಾಕೂ ಈಗ ಏನು ಮಾಡುತ್ತಾಳೆ ಎಂದು ಕಾಯುತ್ತಿದ್ದಾರೆ ಅನ್ನಿಸಿತು.

ಎಲ್ಲ ಸರಿಯಾಗಿ ಹೇಳಿದಳು ಎಂದು ನಾನು ಮರಾಠಿಯಲ್ಲಿ ಹೇಳಿದೆ.

ಹುಡುಗಿಯರು ಚಪ್ಪಾಳೆ ತಟ್ಟಿದರು. ಮಗಳು ಮತ್ತೆ ಆಟದೊಳಗೆ ಹೋದಳು. ಬದಿಗೆ ಬಂದು ನಿಂತ ಮೇಲೆ ನನ್ನ ಬಾಯಿಂದ ಏನು ಬಂತು ಎಂದು ನನಗೇ ಅರಿವಾಯಿತು. ಕೂಗಿದರೆ ಸುಳ್ಳು ಬಯಲಾಗುತ್ತದೆ, ಕೂಗದಿದ್ದರೆ ಮಗಳು. ಇಂಥದರಲ್ಲೂ ನಾನು ಎರಡನ್ನೂ ತೂಗುತ್ತ ನಿಂತಿದ್ದೆ, ಅದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಮತ್ತೆ ಎರಡೂ ತಂಡಗಳು ಎದುರುಬದುರು ಸಾಲಾಗಿ ನಿಂತವು. ನನ್ನ ಮಗಳು ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತುಕೊಂಡಳು. ಆ ಹುಡುಗಿಯರು ನಗತೊಡಗಿದರು. ನಾನು ಪೆಟ್ಟಿಗೆ ಬಿಸಾಕಿ ಆಟದ ನಡುವೆಯೇ ಓಡಿ ಅವಳ ಅಂಗಿ ಹಿಡಿದುಕೊಂಡೆ. ರೆಫರಿ ಸೀಟಿ ಊದುತ್ತಲೇ ಇದ್ದರು, ನಾನು ಬಿಡಲಿಲ್ಲ.

ಆಸ್ಪತ್ರೆಗೆ ಹೋಗುವಾಗ ರಿಕ್ಷಾದಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಸ್ಕ್ಯಾನ್ ಕೋಣೆಯ ಹೊರಗೆ ಯಾವ ದೇವರಿಗೆ ಹರಕೆ ಹೊತ್ತೆ, ಯಾವುದಕ್ಕೆ ಬಿಟ್ಟೆ ಎಂಬ ನೆನಪಿಲ್ಲ. ಒಳಗೆ ರಕ್ತಸ್ರಾವ ಇಲ್ಲ, ಆದರೆ ಅದೇ ಹೊತ್ತಿನಲ್ಲಿ ಇನ್ನೊಂದು ಪೆಟ್ಟು ಬಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಬಿದ್ದ ಮೇಲಿನದು ಯಾವುದೂ ಮಗಳಿಗೆ ನೆನಪಿರಲಿಲ್ಲ. ಕೋಚ್ ಸರ್ ಹೇಳಿದ್ದೇ ಅವಳ ನೆನಪಾಯಿತು: ಉತ್ತರ ಸರಿಯಿತ್ತು, ಆಮೇಲೆ ತಲೆ ಸುತ್ತಿತು. ನಾನು ಬಾಯಿ ಬಿಡಲಿಲ್ಲ.

ಒಂದು ತಿಂಗಳ ಮೇಲೆ ಶಾಲೆಯ ಮೈದಾನದಲ್ಲಿ ಮೂರೂ ತಂಡಗಳಿಗೆ ವಡಾಪಾವ್, ಚಹಾ ಇತ್ತು. ಮುಂದಿನ ವರ್ಷ ಹದಿನಾಲ್ಕಕ್ಕೆ ಬರಲಿದ್ದ ಪುಟ್ಟ ಹುಡುಗಿಯೊಬ್ಬಳು, ತಲೆಗೆ ಪೆಟ್ಟಾದರೆ ಹೆದರಿಕೆಯಾಗುವುದಿಲ್ಲವೇ ಎಂದು ಮಗಳನ್ನು ಕೇಳಿದಳು.

"ಅದಕ್ಕೇ ನನ್ನ ಅವ್ವ ಇದ್ದಾಳಲ್ಲ," ಎಂದಳು ಮಗಳು ಮರಾಠಿಯಲ್ಲಿ. "ನಾನು ಒಂದು ಉತ್ತರ ತಪ್ಪು ಹೇಳಿದ್ದರೂ ಅವಳು ನನ್ನನ್ನು ಒಳಗೆ ಬಿಡುತ್ತಿರಲಿಲ್ಲ."

ಚಹಾದ ಲೋಟ ಬದಿಗೆ ಸರಿಸಿದೆ. ಪೆಟ್ಟಿಗೆಯನ್ನು ಕೋಚ್ ಸರ್ ಮುಂದೆ ಇಟ್ಟೆ. ಎರಡು ಉತ್ತರ ತಪ್ಪಿತ್ತು, ಸುಳ್ಳು ಹೇಳಿದವಳು ನಾನು ಎಂದೆ. ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲೇ ಹೇಳಿದೆ. ಸರ್ ಪೆಟ್ಟಿಗೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಮಗಳು ನನ್ನ ಹತ್ತಿರ ಬಂದು ಕನ್ನಡದಲ್ಲಿ ಕೇಳಿದಳು, "ಮತ್ತ ಯಾಕ ಬಿಟ್ಟಿ ಅವ್ವಾ?"

"ನೀ ಮತ್ತ ಮಾತು ಬಿಡ್ತಿ ಅಂತ ಅಂಜಿದೆ," ಎಂದೆ.