ಕೆಳಗಿಟ್ಟ ಕಾಫಿ

ಆಗ ನನಗೆ ಎಪ್ಪತ್ತೊಂದು. ಎರಡು ವರ್ಷದ ಹಿಂದಿನ ಮಾತು. ಅರಬರ ನಾಡಿನ ರುಸ್ತಾಕ್ ಊರಿನಲ್ಲಿದ್ದ ಮಗಳ ಮನೆಗೆ ಹೋಗಿದ್ದೆ. ಅಳಿಯ ಹಮೀದ್ ಅಲ್ಲಿ ಊರಿಗೆ ಕುಡಿಯುವ ನೀರಿನ ಪೈಪು ಹಾಕುವ ಗುತ್ತಿಗೆ ಹಿಡಿದಿದ್ದ. ಪೈಪು ಹಳೆಯ ಕಾಲುವೆಯನ್ನು ದಾಟಬೇಕು. ಕಾಲುವೆಯ ಯಜಮಾನ ಒಪ್ಪದೆ ಪರವಾನಗಿ ಇಲ್ಲ, ಪರವಾನಗಿ ಇಲ್ಲದೆ ಬ್ಯಾಂಕಿನವರು ಹಣ ಬಿಡುವುದಿಲ್ಲ. ಅಗೆದ ಗುಂಡಿ ಬಾಯಿ ತೆರೆದುಕೊಂಡೇ ಇತ್ತು. ಹಮೀದನಿಗೆ ನಿದ್ದೆ ಇರಲಿಲ್ಲ.

ಅವನ ಜೊತೆ ನಾನೂ ಆ ಮುದುಕ ಯಜಮಾನನ ಚಾವಡಿಗೆ ಹೋದೆ. ಮುದುಕ ಖರ್ಜೂರ ಕೊಟ್ಟು, ಪುಟ್ಟ ಬಟ್ಟಲಿಗೆ ಕಾಫಿ ಬಗ್ಗಿಸಿದ. ಹಾಲಿಲ್ಲ, ಸಕ್ಕರೆಯಿಲ್ಲ. ಮೂಸಿ ನೋಡಿ ಕೆಳಗಿಟ್ಟೆ. ಮುದುಕನ ನಗು ನಿಂತಿತು.

"ಎಂತ ಮಾಡಿದ್ರಿ ಮಾಮಿ?" ಹಮೀದ್ ಪಿಸುಗುಟ್ಟಿದ. "ಇಲ್ಲಿ ಕಾಫಿ ಕೆಳಗಿಟ್ರೆ, ಕೇಳಿದ್ದು ಕೊಡುವವರೆಗೆ ಕುಡಿಯುದಿಲ್ಲ ಅಂತ ಅರ್ಥ!"

"ಸಕ್ಕರೆ ಇಲ್ಲದ್ದು ಹೇಗೆ ಕುಡಿಯುದು ಮಾರಾಯ? ಕೇಳುದಿದ್ರೆ ಈಗಲೇ ಕೇಳು."

ಹಮೀದ್ ತೊದಲುತ್ತಾ ಕೇಳಿದ. ಮುದುಕ ನನ್ನನ್ನೇ ದಿಟ್ಟಿಸಿ ಹಿಂದಿಯಲ್ಲಿ ಹೇಳಿದ: "ಯಲ್ಲಾ, ಹೂಂ, ಕುಡಿ ಅಮ್ಮಾ. ನಾಳೆ ಬೆಳಿಗ್ಗೆ ಬಂದು ಜಾಗ ನೋಡುತ್ತೇನೆ."

ನೋಡುತ್ತೇನೆ ಎಂದನೇ ಹೊರತು ಒಪ್ಪುತ್ತೇನೆ ಎನ್ನಲಿಲ್ಲ. ಕಣ್ಣು ಮುಚ್ಚಿ ಆ ಕಹಿಯನ್ನು ನುಂಗಿದೆ.

ಮರುದಿನ ಸೂರ್ಯ ಹುಟ್ಟುವ ಮೊದಲೇ, ಮುದುಕ ಮತ್ತೆ ಕಾಫಿ ಕೊಟ್ಟರೆ ಇರಲೆಂದು ಸೆರಗಿನ ತುದಿಗೆ ಒಂದು ಹಿಡಿ ಸಕ್ಕರೆ ಕಟ್ಟಿಕೊಂಡು, ಆ ಗುಂಡಿಯ ಪಕ್ಕ ಹೋಗಿ ಕೂತೆ.