ರಂಗೋಲಿ ಚುಕ್ಕಿಯ ಮುಚ್ಚಳ

ಸೂಜಿಯಿಂದ ಚುಚ್ಚಿದ ತೂತುಗಳು ಏಳು, ಐದು, ಮೂರು, ಒಂದು ಎಂದು ಸಾಲಾಗಿ ಇಳಿದಿವೆ. ಯಾವ ಪ್ರಯೋಗಾಲಯದಲ್ಲೂ ಪ್ಲಾಸ್ಟಿಕ್ ಹಾಳೆಯನ್ನು ಇಷ್ಟು ಚೆಂದವಾಗಿ ಚುಚ್ಚುವುದಿಲ್ಲ. ನಿನ್ನೆ ನನ್ನ ಹಳೆಯ ಡಬ್ಬಿಯೊಳಗೆ ಇದನ್ನು ಕಂಡ ಗೆಳೆಯ, ಕಿಟಕಿಯ ಬೆಳಕಿಗೆ ಹಿಡಿದು ಏನಿದು ಎಂದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಆಗ ನಾನು ಹರಳು ಬೆಳೆಸುತ್ತಿದ್ದೆ. ಲೋಹದ ಲವಣವೊಂದನ್ನೂ ಸಾವಯವ ವಸ್ತುವೊಂದನ್ನೂ ನೀರಿನಲ್ಲಿ ಕರಗಿಸಿ, ಬೆಳೆಯಲು ಬೀಜವಾಗುವ ಪುಟ್ಟ ಹರಳೊಂದನ್ನು ದಾರದಲ್ಲಿ ಇಳಿಬಿಟ್ಟು, ಬೀಕರಿನ ಬಾಯಿಗೆ ಒಂದೇ ತೂತಿನ ಹಾಳೆ ಕಟ್ಟಿ ಕಾಯುವ ಕೆಲಸ. ನೀರು ನಿಧಾನವಾಗಿ ಆರಿದರೆ ಹರಳು ತಿಳಿಯಾಗಿ ಬೆಳೆಯುತ್ತದೆ. ಕಣ್ಣಿಗೆ ಕಾಣದ ಲೇಸರ್ ಕಿರಣ ಅದರೊಳಗೆ ಹೊಕ್ಕು ಹಸಿರಾಗಿ ಹೊರಬರುತ್ತದೆ. ಆ ಹಸಿರು ಕಂಡರೆ ನನಗೆ ಪಿಎಚ್‌ಡಿ, ಇಲ್ಲದಿದ್ದರೆ ಇಲ್ಲ. ಆದರೆ ನಮ್ಮ ಪ್ರಯೋಗಾಲಯವಿದ್ದ ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕಟ್ಟಡಗಳಿಗೆಂದು ದಿನವೂ ಬಂಡೆ ಸಿಡಿಸುತ್ತಿದ್ದರು. ಮೇಜು ನಡುಗಿ, ಒಂದು ಹರಳಿನ ಬದಲು ತಳದ ತುಂಬ ಪುಡಿ. ಹೀಗಾಗಿ ಬೀಕರನ್ನು ಅಲ್ಲಿಂದ ದೂರದ ಮೆಹದಿಪಟ್ಟಣಕ್ಕೆ, ನಾನು ಉಳಿದುಕೊಂಡಿದ್ದ ಸೋದರತ್ತೆಯ ಮನೆಗೆ ತಂದೆ. ಗೋಡೆಯ ಗೂಡಿನಲ್ಲಿಟ್ಟು ‘ವಿಷ, ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದೆ.

ಅದೇ ಹೊತ್ತಿಗೆ ಅತ್ತೆ ನನಗೊಂದು ಸಂಬಂಧ ನೋಡಿದ್ದರು. ಹುಡುಗನಿಗೆ ಬಂಡೆ ಸಿಡಿಸುವ ಕಂಪನಿಯಲ್ಲೇ ಕೆಲಸ. ಸ್ವಭಾವವೂ ಅದಕ್ಕೆ ಹೊಂದುವಂಥದ್ದೇ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಹರಳು ಬೆಳೆಯಲಿ, ಆಮೇಲೆ ನೋಡೋಣ ಎಂದೆ. ಎಷ್ಟು ದಿನ ಬೇಕು ಎಂದು ಅತ್ತೆ ಕೇಳಿದರು. ತೂತು ಹೆಚ್ಚಾದಷ್ಟೂ ನೀರು ಬೇಗ ಆರುತ್ತದೆ ಎಂದು ವಿವರಿಸಿದೆ. ಅಷ್ಟು ಶ್ರದ್ಧೆಯಿಂದ ನನ್ನ ಮಾತು ಕೇಳಿಸಿಕೊಂಡವರನ್ನು ನಾನು ಯಾವ ಸೆಮಿನಾರಿನಲ್ಲೂ ಕಂಡಿಲ್ಲ.

ಹಬ್ಬಕ್ಕೆ ಊರಿಗೆ ಹೋಗಿ ಬಂದು ನೋಡಿದರೆ ತಳದಲ್ಲಿ ಉಪ್ಪಿನಂಥ ಪುಡಿ, ದಾರದಲ್ಲಿ ಹಾಲಿನಂತೆ ಮಂಕಾದ ಹರಳು. ಹಾಳೆಯ ಮೇಲೆ, ಅತ್ತೆ ದಿನಾ ಬಾಗಿಲಲ್ಲಿ ಇಡುವ ಚುಕ್ಕಿಗಳು.

“ಮುಟ್ಟಬ್ಯಾಡ್ರಿ ಅಂತ ಬರದಿದ್ದೆ, ಅತ್ತಿ.”

“ನಾ ಎಲ್ಲಿ ಮುಟ್ಟೀನಿ? ಸೂಜಿ ಮುಟ್ಟೇತಿ. ಲಗೂನ ಬೆಳೀಲಿ ಅಂತ.”

ಆಮೇಲೆ ನನ್ನ ಮುಖ ನೋಡಿ ಪಕ್ಕದಲ್ಲಿ ಕುಳಿತರು. “ಖರೇ ಹೇಳು. ನಿನಗ ಹರಳು ಬೇಕೋ, ಹುಡುಗ ಬ್ಯಾಡೋ?”

“ಎರಡೂ,” ಎಂದೆ.

ಅತ್ತೆ ಎದ್ದು ಫೋನ್ ಹಚ್ಚಿದರು. ಹರಳು ಕೆಟ್ಟುಹೋಯಿತು, ಮತ್ತೆ ಮೊದಲಿನಿಂದ ಬೆಳೆಸಬೇಕು, ಎಷ್ಟು ವರ್ಷವೋ ಏನೋ ಎಂದು ಹುಡುಗನ ತಾಯಿಯ ಹತ್ತಿರ ಬಹಳ ದುಃಖದಿಂದ ಹೇಳಿದರು. ಹುಡುಗ ಕಾಯಲಿಲ್ಲ.

ನಾನು ಪುಡಿಯನ್ನು ಕರಗಿಸಿ, ಸೋಸಿ, ಹೊಸ ಬೀಜ ಇಳಿಬಿಟ್ಟೆ. ಈ ಸಲ ಹರಳು ತಿಳಿಯಾಗಿ ಬಂತು. ಹಸಿರೂ ಬಂತು, ಪದವಿಯೂ ಬಂತು. ಆದರೂ ನನ್ನ ಮದುವೆ ವಿಚಾರಿಸುವ ನೆಂಟರಿಗೆಲ್ಲ ಅತ್ತೆಯದು ಇಂದಿಗೂ ಒಂದೇ ಉತ್ತರ: “ಇನ್ನೂ ಬೆಳ್ಯಾಕತ್ತೇತ್ರಿ. ಭಾಳ ನಾಜೂಕಿನ ಕೆಲಸ.” ಈ ಸುಳ್ಳಿನ ಬಗ್ಗೆ ನಾವಿಬ್ಬರೂ ಒಮ್ಮೆಯೂ ಮಾತಾಡಿಲ್ಲ.

ಗೆಳೆಯ ನಕ್ಕು, ಹಾಳೆಯನ್ನು ಮಡಿಚದೆ ಇದ್ದ ಹಾಗೆಯೇ ಡಬ್ಬಿಯಲ್ಲಿಟ್ಟ. ಹರಳು ಈಗ ಎಷ್ಟು ಬೆಳೆದಿದೆ ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ. ತೂತು ಹೆಚ್ಚಿಸುವ ಸ್ವಭಾವ ಅವನದಲ್ಲ.

ಇವತ್ತು ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿ, ಹರಳು ಬೆಳೆದಿದೆ, ಭಾನುವಾರ ಕರೆದುಕೊಂಡು ಬರುತ್ತೇನೆ ಎಂದೆ.